ಮಲ್ಲಿಕಸಾಬರ ಹದ

ಸವಣೂರಿನ ಮಲ್ಲಿಕಸಾಬರ ಅಂಗಡಿಯಲ್ಲಿ ಒಂದು ಮುಳ್ಳಿನ ಮೀಟರು ಇತ್ತು. ಯಾವ ಕಾಲದಲ್ಲೋ ಸೊನ್ನೆಯ ಮೇಲೆ ಕೂತ ಮುಳ್ಳು ಮತ್ತೆ ಎದ್ದಿರಲಿಲ್ಲ. ಅವರು ಅದನ್ನು ಎಸೆಯಲೂ ಇಲ್ಲ, ರಿಪೇರಿ ಮಾಡಲೂ ಇಲ್ಲ. ಅದರ ಮೇಲೆ ಚಹಾದ ಗ್ಲಾಸು ಇಡುತ್ತಿದ್ದರು. ಊರ ಮಂದಿಯ ರೇಡಿಯೋ, ಮೈಕ್ ಸೆಟ್ಟು ಎಲ್ಲವನ್ನೂ ರಿಪೇರಿ ಮಾಡುವ ಮನುಷ್ಯ ತನ್ನ ಮೀಟರನ್ನು ಯಾಕೆ ಹಾಗೇ ಬಿಟ್ಟಿದ್ದಾನೆ ಎಂದು ಯಾರಾದರೂ ಕೇಳಿದರೆ, ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸುತ್ತಿದ್ದರು.

"ಇದ ನನ್ನ ಮೀಟರ್ರಿ," ಎನ್ನುತ್ತಿದ್ದರು.

ಜಂಬದ ಮಾತು ನಿಜ, ಆದರೆ ಅವರಿಗೆ ಜಂಬಪಡುವ ಹಕ್ಕಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕಿನ ಭಜನೆ ಮೇಳದವರು, ಮಸೀದಿಯವರು, ಮದುವೆಗೆ ಮೈಕ್ ಸೆಟ್ಟು ಬಾಡಿಗೆ ಕೊಡುವವರು ನಲವತ್ತು ವರ್ಷ ಅವರ ಬಾಗಿಲಿಗೆ ಬಂದಿದ್ದರು. ಆಂಪ್ಲಿಫೈಯರು ಕಟ್ಟುವವರು ಬೇರೆ ಕಡೆ ಇರಲಿಲ್ಲ ಅಂತಲ್ಲ. ಆದರೆ ಕಟ್ಟಿ ಮುಗಿಸಿದ ಮೇಲೆ ಮಲ್ಲಿಕಸಾಬರು ಇನ್ನೊಂದು ಕೆಲಸ ಮಾಡುತ್ತಿದ್ದರು. ಸೆಟ್ಟು ತಂದವನ ಕೈಗೇ ಮೈಕು ಕೊಟ್ಟು, ಹಾಡಲಿ ಮಾತಾಡಲಿ, ಏನಾದರೂ ಅನ್ನು ಎಂದು ಹೇಳಿ, ತಾವು ಹತ್ತು ಹೆಜ್ಜೆ ದೂರ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂಡುತ್ತಿದ್ದರು. ಆಮೇಲೆ ಎದ್ದು ಬಂದು, ಚೂಪು ದನಿಯನ್ನು ತಗ್ಗಿಸುವ ಒಂದು ಸಣ್ಣ ಕಂಡೆನ್ಸರನ್ನು ಕಿತ್ತು, ಅದಕ್ಕಿಂತ ಕೊಂಚ ದೊಡ್ಡದನ್ನೋ ಚಿಕ್ಕದನ್ನೋ ಹಾಕುವರು. ಮತ್ತೆ ಗೋಡೆಯ ಕಡೆ ಹೋಗಿ ಕೂಡುವರು. ಹೀಗೆ ನಾಲ್ಕು ಸಲ, ಐದು ಸಲ. ಮೈಕು ಹಿಡಿದವನ ಗಂಟಲು ಒಣಗಿದ ಮೇಲೆ ಒಂದು ಗಳಿಗೆಯಲ್ಲಿ ಗೋಡೆಯ ಕಡೆಯಿಂದ "ಬಂತು" ಎಂಬ ಮಾತು ಬರುತ್ತಿತ್ತು. ಅದಕ್ಕೆ ಜನ ಮಲ್ಲಿಕಸಾಬರ ಹದ ಎನ್ನುತ್ತಿದ್ದರು. ರೊಟ್ಟಿಯ ಹಿಟ್ಟಿಗೆ ಇದ್ದ ಹಾಗೆ ದನಿಗೂ ಒಂದು ಹದ ಇರುತ್ತದೆ ಎಂದು ಆ ಸೀಮೆಗೆ ಕಲಿಸಿದವರು ಅವರೇ.

ಇನ್ನೊಂದು ಗುರುತೂ ಇತ್ತು. ಬೆಸುಗೆ ಹಾಕುವ ಮೊದಲು ತಂತಿಯನ್ನು ಎರಡು ಸುತ್ತು ಸುತ್ತಿ ತುದಿಯನ್ನು ಎಡಕ್ಕೆ ಮಡಚುತ್ತಿದ್ದರು. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋದರೂ ಆ ಗಂಟು ಬಿಚ್ಚುತ್ತಿರಲಿಲ್ಲ. ಆ ಗಂಟನ್ನು ಅವರಿಂದ ಕಲಿತವನು ಒಬ್ಬನೇ, ಜಾವೇದ. ಹತ್ತು ವರ್ಷ ಅವರ ಹತ್ತಿರ ದುಡಿದು, ಮದುವೆಯಾಗಿ, ಅವರ ಕೈಯಿಂದಲೇ ಉದ್ಘಾಟನೆ ಮಾಡಿಸಿ ಹಾನಗಲ್ಲಿನಲ್ಲಿ ತನ್ನ ಅಂಗಡಿ ಹಾಕಿಕೊಂಡು ಎಂಟು ವರ್ಷವಾಗಿತ್ತು. ಹಬ್ಬಕ್ಕೆ ಬಂದು ಸಲಾಮು ಹೇಳಿ ಹೋಗುತ್ತಿದ್ದ.

ಈಗ ಮೂರು ವರ್ಷದಿಂದ ಮಲ್ಲಿಕಸಾಬರದು ಒಂದೇ ರಾಗ: ಮಾಲು ಖರಾಬಾಗಿದೆ. ಹೊಸ ಕಂಡೆನ್ಸರು ಮಂಕು, ಹೊಸ ಹಾರ್ನಿನ ಸ್ಪೀಕರು ಮಂಕು, ಎಲ್ಲ ದನಿಯೂ ಕೌದಿ ಹೊದ್ದುಕೊಂಡು ಮಾತಾಡಿದ ಹಾಗೆ ಬರುತ್ತದೆ. ಅದಕ್ಕೆ ಅವರು ಮೊದಲು ಹಾಕುತ್ತಿದ್ದ ಕಂಡೆನ್ಸರಿನ ಅಳತೆಯನ್ನು ಅರ್ಧಕ್ಕಿಳಿಸಿದರು, ಆಮೇಲೆ ಕಾಲು ಭಾಗಕ್ಕೆ ಇಳಿಸಿದರು. ಆಗ ದನಿ ಒಂದಿಷ್ಟು ತೆರೆದುಕೊಳ್ಳುತ್ತಿತ್ತು. "ಬಂತು" ಎನ್ನುತ್ತಿದ್ದರು.

ಅವರ ಹೆಂಡತಿ ದಾವಲಬಿಗೆ ಈ ರಾಗದಲ್ಲಿ ನಂಬಿಕೆ ಇರಲಿಲ್ಲ. ಒಂದು ದಿನ ಒಲೆಯ ಮೇಲೆ ಕುಕ್ಕರು ಇಟ್ಟು, ಮೂರು ಸೀಟಿಯಾದರೆ ಇಳಿಸಿರಿ ಎಂದು ಹೇಳಿ ಅವಳು ಪಕ್ಕದ ಮನೆಗೆ ಹೋಗಿದ್ದಳು. ಬಂದು ನೋಡಿದರೆ ಬೇಳೆ ಸೀದು ಮನೆಯೆಲ್ಲ ಹೊಗೆ. ಮಲ್ಲಿಕಸಾಬರು ಒಲೆಯ ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದರು.

"ಸೀಟಿ ಕೇಳಲಿಲ್ಲೇನ್ರಿ?"

"ಆಗಿದ್ರ ಕೇಳ್ತಿರಲಿಲ್ಲೇನು? ನಿನ್ನ ಕುಕ್ಕರ ಕೆಟ್ಟೇತಿ."

"ಕುಕ್ಕರ ಕೆಟ್ಟಿಲ್ಲ. ಹಾವೇರಿಗೆ ಹೋಗಿ ಒಮ್ಮೆ ಕಿವಿ ತೋರಿಸ್ಕೊಂಡ ಬರ್ರಿ. ಅತ್ತಿಯವರಿಗೂ ಹಿಂಗ ಸುರುವಾಗಿತ್ತು."

ತಾಯಿಯ ಮಾತು ಬಂದದ್ದೇ ತಡ ಮಲ್ಲಿಕಸಾಬರಿಗೆ ಸಿಟ್ಟು ನೆತ್ತಿಗೇರಿತು. ಅವರ ತಾಯಿ ಮಾಬೂಬಿ ಕೊನೆಯ ಕಾಲದಲ್ಲಿ ಪೂರಾ ಕಿವುಡಿಯಾಗಿದ್ದಳು. ಯಾರು ಏನು ಹೇಳಿದರೂ ಮುಖ ನೋಡಿ, ನಕ್ಕು, "ಆತು, ಆತು" ಎನ್ನುತ್ತಿದ್ದಳು. ನಿನ್ನ ಮನೆಗೆ ಬೆಂಕಿ ಬಿದ್ದಿದೆ ಎಂದರೂ ಆತು, ಆತು. ಮೊಮ್ಮಕ್ಕಳಿಗೆ ಅದೊಂದು ಆಟವಾಗಿತ್ತು. ಮಲ್ಲಿಕಸಾಬರೂ ಒಮ್ಮೊಮ್ಮೆ ಆ ಆಟಕ್ಕೆ ನಕ್ಕಿದ್ದರು. ಅದು ನೆನಪಾದಾಗಲೆಲ್ಲ ಅವರಿಗೆ ನಾಚಿಕೆಯೂ ಹೆದರಿಕೆಯೂ ಕೂಡಿಯೇ ಬರುತ್ತಿದ್ದವು.

ಹೋದ ಶ್ರಾವಣದಲ್ಲಿ ದುಂಡಸಿಯ ಭರಮಪ್ಪನ ಜೊತೆ ಜಗಳವಾದದ್ದೂ ಇದಕ್ಕೇ. ಭರಮಪ್ಪ ಅಲ್ಲಿನ ಭಜನೆ ಮೇಳದ ಮುಂದಾಳು, ಮೂವತ್ತು ವರ್ಷದ ಸ್ನೇಹಿತ. ಸೆಟ್ಟು ಸರಿ ಮಾಡಿಸಿಕೊಂಡು ಹೋದವನು ಎರಡೇ ದಿನಕ್ಕೆ ತಿರುಗಿ ಬಂದ. "ಸಾಬ್ರ, ಶಿವಾ ಅಂದ್ರ ಸಾಕು, ಆ ಶ ಅನ್ನೂದು ಕಿವಿ ಕೊರದಂಗ ಆಗ್ತೈತ್ರಿ. ದೇವರ ಹೆಸರ ತಗೊಳ್ಳಾಕ ಬರವಲ್ದು," ಎಂದ. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಮಲ್ಲಿಕಸಾಬರು ಎಲ್ಲರ ಎದುರಿಗೇ, "ಕಿವಿ ನಿಂದ ಕೆಟ್ಟೇತಿ, ಹೋಗಿ ಡಾಕ್ಟರಿಗೆ ತೋರಿಸ್ಕೋ. ನನಗ ಹದ ಕಲಸಾಕ ಬರಬ್ಯಾಡ," ಎಂದರು. ಭರಮಪ್ಪ ಸೆಟ್ಟು ಹೊತ್ತುಕೊಂಡು ಹೋದ. ಒಂದು ವಾರ ಬಿಟ್ಟು ಅವನೇ ಬಂದು ನಿಂತ. "ನಂದ ತಪ್ಪರಿ ಸಾಬ್ರ. ಈಗ ಭಾಳ ಚೊಲೊ ಕೇಳಾಕತ್ತೇತಿ," ಎಂದ. ಮಲ್ಲಿಕಸಾಬರು ಅವನಿಗೆ ಚಹಾ ತರಿಸಿ ಕುಡಿಸಿದರು. ಆ ಮಾತನ್ನು ದಾವಲಬಿಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಇಂಥ ಹೊತ್ತಿನಲ್ಲಿ ಶಿಗ್ಗಾಂವಿಯ ಚನ್ನೇಶ ಬಂದ. ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಮನುಷ್ಯ. ನಲವತ್ತರ ಆಸುಪಾಸು, ತೂಕದ ಮಾತು. ಹಾಡು ಕೇಳುವುದಕ್ಕೆ ಹೊರದೇಶದಿಂದ ತರಿಸಿದ ವಾಲ್ವಿನ ಆಂಪ್ಲಿಫೈಯರೊಂದು ಅವನ ಹತ್ತಿರ ಇತ್ತು. ಅದರಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿತ್ತು. ಹುಬ್ಬಳ್ಳಿಯಲ್ಲಿ ಇಬ್ಬರು ಕೈ ಚೆಲ್ಲಿದ್ದರು. ಮಲ್ಲಿಕಸಾಬರು ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿದರು. ಸ್ಪಷ್ಟವಾಗಿ ಕೇಳಿತು, ದಪ್ಪ ದನಿಗೆ ಅವರ ಕಿವಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಟ್ರಾನ್ಸ್‌ಫಾರ್ಮರಿನ ಒಂದು ನಟ್ಟು ಸಡಿಲಾಗಿದೆ, ಒಂದು ತಂತಿ ಹಾದಿ ತಪ್ಪಿದೆ ಎಂದು ಹೇಳಿ, ಅರ್ಧ ಗಂಟೆಯಲ್ಲಿ ಅದನ್ನು ಮೌನ ಮಾಡಿಕೊಟ್ಟರು.

ಚನ್ನೇಶ ಬೆರಗಾದ. "ಸರ್, ನಾವು ಒಂದಿಷ್ಟ ಜನ ಮೂರು ತಿಂಗಳಿಗೊಮ್ಮೆ ಕೂಡ್ತೇವ್ರಿ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದೆಲ್ಲ ಬರ್ತಾರ. ಅವರವರ ಹೆಡ್‌ಫೋನು, ಆಂಪ್ಲಿಫೈಯರು ತಂದು ಒಬ್ಬರದು ಒಬ್ಬರು ಕೇಳೂದು. ಈ ಸಲ ನಮ್ಮ ಶಿಗ್ಗಾಂವ್ಯಾಗ ಐತಿ. ನಿಮ್ಮ ಕೈಯಾಂದೂ ಒಂದು ತರ್ರಿ," ಎಂದ.

ಮಲ್ಲಿಕಸಾಬರು ಎರಡು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಟ್ರಾನ್ಸ್‌ಫಾರ್ಮರನ್ನು ತಾವೇ ಸುತ್ತಿದರು. ಸಾಗವಾನಿಯ ಪೆಟ್ಟಿಗೆ ಮಾಡಿಸಿ ತಾವೇ ಪಾಲಿಶು ಹಾಕಿದರು. ಚನ್ನೇಶ ಕೊಟ್ಟುಹೋದ ಹೆಡ್‌ಫೋನು ಹಾಕಿಕೊಂಡು ದಿನಗಟ್ಟಲೆ ಹದ ಹಿಡಿದರು. ಕೊನೆಗೆ "ಬಂತು" ಎಂದ ದಿನ ದಾವಲಬಿಯನ್ನು ಕರೆದು ಒಂದು ಕರಾರು ಮಾಡಿದರು.

"ಕೇಳಿಲ್ಲೆ. ಅಲ್ಲಿ ಬರಾವ್ರು ಬರೇ ಕೇಳೂದ ಕಸಬು ಮಾಡ್ಕೊಂಡ ಮಂದಿ. ಜಗತ್ತಿನ್ಯಾಗಿನ ಚೊಲೊ ಮಾಲು ಅವರ ಹತ್ರ ಐತಿ. ಅದರಾಗೂ ನನಗ ದನಿ ಮಂಕ ಕೇಳಿದ್ರ ನನ್ನ ಕಿವಿ ಹೋಗೇತಿ ಅಂತ ಒಪ್ಪತೇನಿ, ಅಂಗಡಿ ಮುಚ್ಚತೇನಿ. ಇಲ್ಲಾಂದ್ರ ಇನ್ನ ಮ್ಯಾಲ ಕಿವಿ ಸುದ್ದಿ ಎತ್ತಂಗಿಲ್ಲ."

"ಆಗ್ಲಿ," ಎಂದಳು ದಾವಲಬಿ. ಆಮೇಲೆ ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಗೆಲ್ಲುವುದು ತಾನೇ ಎಂದು ಅವಳಿಗೆ ಗೊತ್ತಿತ್ತು. ಗೆಲ್ಲುವ ಆಸೆ ಮಾತ್ರ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮಲ್ಲಿಕಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಬಸ್ಸು ಹತ್ತಿದರು. ಸಾಮಾನಿನ ಚೀಲ ಬಿಟ್ಟು ಅವರು ಮದುವೆಗೂ ಹೋದವರಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಎರಡು ಕಿಲೋ ಕುರುಕಲು ಸವಣೂರು ಖಾರವನ್ನೂ ಕಟ್ಟಿಸಿಕೊಂಡಿದ್ದರು.

ಕೂಟ ನಡೆದದ್ದು ಒಂದು ಕಲ್ಯಾಣ ಮಂಟಪದ ಮೇಲಿನ ಕೋಣೆಯಲ್ಲಿ. ಬಾಗಿಲಲ್ಲೇ ಮಲ್ಲಿಕಸಾಬರು ನಿಂತುಬಿಟ್ಟರು. ಒಳಗೆ ಹದಿನೈದು ಜನ ಇದ್ದರು, ಒಂದು ಸದ್ದೂ ಇರಲಿಲ್ಲ. ಉದ್ದಕ್ಕೆ ಮೇಜುಗಳು, ಮೇಜಿನ ಮೇಲೆ ಹೊಳೆಯುವ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಹೊರಟ ತಂತಿಗಳು, ತಂತಿಯ ತುದಿಗೆ ತಲೆಗಳು. ಒಬ್ಬ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಇನ್ನೊಬ್ಬ ನೆಲ ನೋಡುತ್ತ ನಗುತ್ತಿದ್ದ. ಸದ್ದಾಗುತ್ತದೆಂದು ಫ್ಯಾನು ಆರಿಸಿ, ಕಿಟಕಿ ಮುಚ್ಚಿದ್ದರಿಂದ ಮೇ ತಿಂಗಳ ಸೆಖೆಗೆ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿಕೊಂಡಿತ್ತು. ಒಂದು ದನಿಯನ್ನು ಊರಿಗೆಲ್ಲ ಮುಟ್ಟಿಸುವುದೇ ಕೆಲಸ ಎಂದುಕೊಂಡಿದ್ದ ಮನುಷ್ಯನಿಗೆ, ಒಬ್ಬೊಬ್ಬರ ತಲೆಯೊಳಗೆ ಒಂದೊಂದು ಕಚೇರಿ ನಡೆಸಿ ಪಕ್ಕದವನಿಗೂ ಕೇಳಿಸದೆ ಇಟ್ಟುಕೊಳ್ಳುವ ಈ ಮಂದಿಯನ್ನು ನೋಡಿ ನಗು ಬಂತು. ತಂದ ಖಾರವನ್ನು ಹಂಚಿದರು. ಎಲ್ಲರೂ ಒಂದೊಂದು ಹಿಡಿ ತಿಂದು, ಎಣ್ಣೆ ಕೈಯಲ್ಲಿ ಹೆಡ್‌ಫೋನು ಮುಟ್ಟಬಾರದೆಂದು ಸಾಲಾಗಿ ನಲ್ಲಿಯ ಕಡೆ ಹೋದರು. ಮಡಿವಂತರ ಸಂಗ ಎಂದುಕೊಂಡರು ಮಲ್ಲಿಕಸಾಬರು. ಆದರೆ ಮಂದಿ ಒಳ್ಳೆಯವರು. ಚನ್ನೇಶ ಎಲ್ಲರಿಗೂ, "ಇವರು ನಮ್ಮ ಸವಣೂರಿನ ಮಲ್ಲಿಕಸಾಬರು, ನಾಲ್ಕು ತಾಲ್ಲೂಕಿಗೆ ಮಾಸ್ತರು," ಎಂದು ಪರಿಚಯ ಮಾಡಿಕೊಟ್ಟ. ಒಬ್ಬ ವೈದ್ಯ ಎದ್ದು ನಿಂತು ಕೈ ಮುಗಿದ.

ಪ್ರತಿ ಪೆಟ್ಟಿಗೆಯ ಮುಂದೆಯೂ ಒಂದು ಹಾಳೆ ಇಡುವ ಪದ್ಧತಿ ಅವರಲ್ಲಿತ್ತು. ಕೇಳಿದವರು ತಮಗೆ ಅನ್ನಿಸಿದ್ದನ್ನು ಅದರಲ್ಲಿ ಬರೆಯಬೇಕು. ಮಲ್ಲಿಕಸಾಬರ ಸಾಗವಾನಿ ಪೆಟ್ಟಿಗೆಯ ಮುಂದೆಯೂ ಹಾಳೆ ಬಂತು. ಅವರು ದೂರ ನಿಂತು ಓರೆಗಣ್ಣಿನಿಂದ ನೋಡತೊಡಗಿದರು. ಮೊದಲನೆಯವನು ಹೆಡ್‌ಫೋನು ಹಾಕಿಕೊಂಡ, ಹುಬ್ಬು ಗಂಟು ಹಾಕಿದ, ಸ್ವಲ್ಪ ಹೊತ್ತಿಗೆ ತೆಗೆದಿಟ್ಟ. ಎರಡನೆಯವನು ದನಿ ಸಣ್ಣದು ಮಾಡಿದ, ಮತ್ತೂ ಸಣ್ಣದು ಮಾಡಿದ, ತೆಗೆದಿಟ್ಟ. ಹಿರೇಕೆರೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನೀಲಾಂಬಿಕಾ ಎಂಬಾಕೆ, ಆ ಗುಂಪಿನಲ್ಲಿದ್ದ ಒಬ್ಬಳೇ ಹೆಣ್ಣುಮಗಳು, ಹಾಕಿಕೊಂಡಷ್ಟೇ ಬೇಗ ಕಿತ್ತುಬಿಟ್ಟಳು, ಕಾದ ಹಂಚು ಮುಟ್ಟಿದವಳ ಹಾಗೆ. ಕೂಡಲೇ ಸುತ್ತ ನೋಡಿ, ಮಲ್ಲಿಕಸಾಬರ ಕಣ್ಣಿಗೆ ಬಿದ್ದು, ಮುಗುಳ್ನಕ್ಕಳು.

ಎಲ್ಲರೂ ಚಹಾಕ್ಕೆ ಹೋದಾಗ ಮಲ್ಲಿಕಸಾಬರು ಹಾಳೆ ಓದಿದರು. ಕೆಲಸ ಅಚ್ಚುಕಟ್ಟು ಎಂದು ಒಬ್ಬರು ಬರೆದಿದ್ದರು. ಪೆಟ್ಟಿಗೆ ಬಹಳ ಸುಂದರ. ಬೆಸುಗೆಯ ಕೆಲಸ ನೋಡಿ ಕಲಿಯುವಂತಿದೆ. ಮತ್ತೆ ಪೆಟ್ಟಿಗೆ ಸುಂದರ. ಒಂಬತ್ತು ಜನ ಬರೆದಿದ್ದರು, ಒಬ್ಬರೂ ದನಿಯ ಮಾತೆತ್ತಿರಲಿಲ್ಲ. ಅವರು ಹಾಳೆ ತಿರುಗಿಸಿ ಹಿಂದಿನ ಪುಟವನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ತಾವೂ ಒಂದು ಕೇಳಿಯೇ ಬಿಡೋಣವೆಂದು ಚನ್ನೇಶನನ್ನು ಕರೆದು, "ಇಲ್ಲಿ ಎಲ್ಲಕ್ಕಿಂತ ಚೊಲೊ ಯಾವ್ದು?" ಎಂದರು. ಚನ್ನೇಶ ಅವರನ್ನು ಒಂದು ಕುರ್ಚಿಯಲ್ಲಿ ಕೂಡಿಸಿ, ಹೂವಿನ ಹಾರ ಹಾಕಿದ ಹಾಗೆ ಎರಡೂ ಕೈಯಿಂದ ಹೆಡ್‌ಫೋನು ತೊಡಿಸಿದ. ಅದರ ಒಂದು ತಂತಿಯ ಬೆಲೆಗೆ ಒಳ್ಳೆಯ ಹಿಂಡುವ ಎಮ್ಮೆ ಬರುತ್ತದಂತೆ. ಯಾರೋ ಹೆಂಗಸು ಹಾಡುತ್ತಿದ್ದಳು, ಹಿಂದೆ ತಬಲ ಇತ್ತು. ತಬಲದ ಎಡಗೈಯ ದಪ್ಪ ದನಿ ಬಂತು, ಎದೆಗೇ ಬಂತು. ಆದರೆ ಆ ಹೆಂಗಸು ಕೌದಿ ಹೊದ್ದುಕೊಂಡು ಹಾಡುತ್ತಿದ್ದಳು. ಮಲ್ಲಿಕಸಾಬರು ಹಾಡು ಇದ್ದಷ್ಟು ಹೊತ್ತೂ ಕಣ್ಣು ತೆರೆಯಲಿಲ್ಲ. ತೆರೆದರೆ ಚನ್ನೇಶ ಹೇಗಿದೆ ಎಂದು ಕೇಳುತ್ತಾನೆ.

"ಹೆಂಗೈತ್ರಿ ಸರ್?"

"ಚೊಲೊ ಐತಿ," ಎಂದರು. ಮಾಲು ಬೇರೆ, ದೇಶ ಬೇರೆ, ಅವರ ಪದ್ಧತಿ ಬೇರೆ ಇರಬಹುದು ಎಂದು ಮನಸ್ಸಿನಲ್ಲೇ ಜೋತುಬೀಳಲು ಇನ್ನೂ ಒಂದು ಗೂಟ ಹುಡುಕುತ್ತಿದ್ದರು.

ಚಹಾದ ನಂತರ ನೀಲಾಂಬಿಕಾ ಒಂದು ಆಟ ಆಡಿಸಿದಳು. ಅವರ ಕೂಟದಲ್ಲಿ ಅದು ಪ್ರತಿ ಸಲದ ಆಟ. ಒಂದೇ ಪೆಟ್ಟಿಗೆಗೆ ಎಂಟು ಹೆಡ್‌ಫೋನು ಚುಚ್ಚಿ ಎಂಟು ಜನರನ್ನು ಸುತ್ತ ಕೂಡಿಸುವುದು. ದಪ್ಪ ದನಿಯಿಂದ ಸುರುವಾಗಿ ಒಂದು ಸದ್ದು ಚೂಪಾಗಿ, ಮತ್ತೂ ಚೂಪಾಗಿ ಏರುತ್ತ ಹೋಗುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಒಂದು ಕೈ ಎತ್ತಿ ಕೂಡಬೇಕು. ಕೇಳುವುದು ನಿಂತಾಗ ಕೈ ಇಳಿಸಬೇಕು. ಗೆದ್ದವರಿಗೆ ಚಪ್ಪಾಳೆ. ಮಲ್ಲಿಕಸಾಬರು ತಾವಾಗಿಯೇ ಹೋಗಿ ಕೂತರು. ಅವರ ಎಡಕ್ಕೆ ಮಾಸೂರಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದ್ದರು, ಎಪ್ಪತ್ತರ ಮುದುಕರು. ಇವರಿಗಿಂತ ಹನ್ನೊಂದು ವರ್ಷ ದೊಡ್ಡವರು. ಅವರಿಗಿಂತ ಮೊದಲು ಕೈ ಇಳಿಸುವ ಪ್ರಶ್ನೆಯೇ ಇಲ್ಲ ಎಂದು ಮಲ್ಲಿಕಸಾಬರಿಗೆ ಧೈರ್ಯವಿತ್ತು.

ಸದ್ದು ಸುರುವಾಯಿತು. ಮೊದಲು ಟ್ರಾನ್ಸ್‌ಫಾರ್ಮರಿನ ಗುಂಯ್. ಅದು ಶಂಖವಾಯಿತು, ಕೊಳಲಾಯಿತು, ಪೊಲೀಸರ ಸೀಟಿಯಾಯಿತು, ದಾರದಷ್ಟು ತೆಳ್ಳಗಾಯಿತು. ಆಮೇಲೆ ದಾರ ಹರಿಯಿತು. ಮಲ್ಲಿಕಸಾಬರು ಕಾದರು. ಕರೆಂಟು ಹೋಗಿರಬೇಕು ಎಂದುಕೊಂಡರು. ಮತ್ತೆ ಕಾದು, ಕೈ ಇಳಿಸಿ, ಕಣ್ಣು ತೆರೆದರು.

ಸುತ್ತ ಏಳು ಕೈಗಳು ಎತ್ತಿದ್ದು ಎತ್ತಿದ ಹಾಗೇ ಇದ್ದವು. ಏಳು ಜನರೂ ಕಣ್ಣು ಮುಚ್ಚಿ, ಏನನ್ನೋ ಕೇಳುತ್ತ ಕೂತಿದ್ದರು. ಮುದುಕರಾದ ಹೆಡ್‌ಮಾಸ್ತರರ ನಡುಗುವ ಕೈಯೂ ಮೇಲಿತ್ತು.

"ನನ್ನ ವೈರ ಕಳಚೇತೇನ್ರಿ?" ಎಂದರು ಮಲ್ಲಿಕಸಾಬರು. ಕಿವಿ ಮುಚ್ಚಿದ್ದರಿಂದ ಆ ಮಾತು ಮಂಟಪದ ಕೆಳಗಿನವರೆಗೂ ಕೇಳುವಷ್ಟು ಜೋರಾಗಿ ಬಂತು. ಏಳು ಜನ ಒಟ್ಟಿಗೆ ಕಣ್ಣು ತೆರೆದರು.

ನೀಲಾಂಬಿಕಾ ವೈರು ನೋಡಿದಳು. ಸರಿಯಾಗಿಯೇ ಇತ್ತು. ಹೆಡ್‌ಫೋನು ಬದಲಿಸಿ ಮತ್ತೊಮ್ಮೆ ಹಾಕಿದಳು. ದಾರ ಅದೇ ಜಾಗದಲ್ಲಿ ಹರಿಯಿತು. ಮೂರನೆಯ ಸಲ ಹಾಕಲು ಬಂದಾಗ ಮಲ್ಲಿಕಸಾಬರೇ ಬೇಡವೆಂದು ಕೈ ಅಡ್ಡ ಹಿಡಿದರು. ಆಟ ಅಲ್ಲಿಗೇ ನಿಂತಿತು, ಚಪ್ಪಾಳೆ ಯಾರಿಗೂ ಬೀಳಲಿಲ್ಲ.

ಆಕೆ ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂತಳು. "ಸರ್, ಹಾರ್ನಿನ ಮುಂದ ಎಷ್ಟು ವರ್ಷ ಕೆಲಸ ಮಾಡೀರಿ?"

"ನಲವತ್ತು."

"ವಯಸ್ಸಾದಂಗ ಚೂಪ ದನಿ ಎಲ್ಲಾರಿಗೂ ಹೋಗ್ತಾವ್ರಿ. ನಿಮಗ ಆ ಹಾರ್ನಿನಿಂದ ಜಾಸ್ತಿ ಹೋಗ್ಯಾವು."

"ಹೋಗಿದ್ದು ಬರ್ತಾವೇನ್ರಿ?"

"ಇಲ್ರಿ," ಎಂದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯವಳಲ್ಲ.

"ಹಂಗಾರ ಒಂದ ಖರೇ ಹೇಳಿಬಿಡ್ರಿ ಅಕ್ಕಾರ. ನನ್ನ ಸೆಟ್ಟು ಹೆಂಗೈತಿ?"

ಆಕೆ ಚನ್ನೇಶನ ಮುಖ ನೋಡಿದಳು. ಚನ್ನೇಶ ಕಿಟಕಿಯ ಕಡೆ ತಿರುಗಿದ. ಕೊನೆಗೆ ಆಕೆಯೇ ಹೇಳಿದಳು: "ಕಟ್ಟಿದ್ದು ಭಾಳ ಚೊಲೊ ಐತ್ರಿ. ಆದ್ರ ಹಾಡಿನ್ಯಾಗ ಸ, ಶ ಬಂದ ಕೂಡ್ಲೆ ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತೈತಿ. ನಿಮಗ ಕೇಳಲಾರದ್ದನ್ನ ಕೇಳಿಸ್ಕೊಳ್ಳಾಕ ಅಂತ ನೀವು ಏರಿಸೀರಿ. ನಮಗ ಅದು ಮೊದ್ಲ ಕೇಳ್ತಿತ್ತು."

ಶ ಎಂಬ ಅಕ್ಷರ ಅವಳ ತುಟಿಯ ಮೇಲೆ ಕಂಡದ್ದೇ ಮಲ್ಲಿಕಸಾಬರ ಕಣ್ಣ ಮುಂದೆ ಭರಮಪ್ಪ ನಿಂತ. ಅಂಗಡಿಯ ಮುಂದೆ, ನಾಲ್ಕು ಜನರ ಎದುರಿಗೆ. ಅವನೊಬ್ಬನೇ ಅಲ್ಲ. ಮೂರು ವರ್ಷದಲ್ಲಿ ತಮ್ಮ ಕೈಯಿಂದ ಹೋದ ಸೆಟ್ಟುಗಳು ಎಷ್ಟು. ಮಾಸೂರಿನ ಭಜನೆಯವರದು, ಹುಲಗೂರಿನ ಕವ್ವಾಲಿಯವರದು, ತಮ್ಮದೇ ಓಣಿಯ ಮಸೀದಿಯದು. ಅಜಾನಿನಲ್ಲಿ, ಭಜನೆಯಲ್ಲಿ, ಮದುವೆಯ ಮಂತ್ರದಲ್ಲಿ, ನಾಲ್ಕು ತಾಲ್ಲೂಕಿನ ಕಿವಿಗೆ ತಾವು ಮೂರು ವರ್ಷ ಸೂಜಿ ಚುಚ್ಚಿದ್ದೇವೆ. ಚುಚ್ಚಿ "ಬಂತು" ಎಂದಿದ್ದೇವೆ. ಅವರಿಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು. ಮಂದಿಯ ನಡುವೆ ಅಳುವ ರೂಢಿ ಇರಲಿಲ್ಲ, ಎದ್ದರು. ಪೆಟ್ಟಿಗೆಯನ್ನು ಚನ್ನೇಶನಿಗೇ ಬಿಟ್ಟು, ಊಟಕ್ಕೂ ನಿಲ್ಲದೆ, ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟರು.

ಸವಣೂರಿನ ಬಸ್ಸು ಎದುರಿಗೇ ನಿಂತಿತ್ತು. ಅವರು ದುಂಡಸಿಯ ಬಸ್ಸು ಹತ್ತಿದರು. ಎಲ್ಲರದನ್ನೂ ಒಂದೊಂದಾಗಿ ಸರಿ ಮಾಡಬೇಕು, ಮೊದಲು ಭರಮಪ್ಪನದು. ಹಳೆಯ ಅಳತೆಯ ಕಂಡೆನ್ಸರು ಚೀಲದಲ್ಲಿತ್ತು. ಕಿವಿ ಇಲ್ಲದಿದ್ದರೇನು, ಹಳೆಯ ಅಳತೆ ನೆನಪಿದೆ. ಕಿತ್ತು ಹಾಕಿ, ಕಾಲು ಮುಟ್ಟಿ ತಪ್ಪಾಯಿತು ಎಂದು ಹೇಳಿ ಬಂದರೆ ಒಂದಿಷ್ಟಾದರೂ ಹಗುರಾದೀತು ಎಂದುಕೊಂಡರು.

ಭರಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಬಿಸಿಲಲ್ಲಿ ಬೆವರಿ ಬಂದ ಸಾಬರನ್ನು ನೋಡಿ ಗಾಬರಿಯಿಂದ ಎದ್ದ. "ಬರ್ರಿ, ಕುಂಡ್ರಿ. ಏನ್ರಿ ಸಾಬ್ರ, ಹೇಳದ ಕೇಳದ?" ಎಂದು, ಒಳಗೆ ಹೆಂಡತಿ ಶಾರವ್ವನಿಗೆ ನೀರು ತರಲು ಕೂಗಿದ.

"ನಿನ್ನ ಸೆಟ್ಟು ತಗಿ," ಎಂದರು ಮಲ್ಲಿಕಸಾಬರು.

"ಯಾಕ್ರಿ? ಚೊಲೊ ಐತೆಲ್ರಿ."

"ತಗಿ ಅಂತೇನಿ."

ಸೆಟ್ಟು ಬಂತು. ಮಲ್ಲಿಕಸಾಬರು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ತಾವು ಕಾಲು ಭಾಗಕ್ಕೆ ಇಳಿಸಿದ ಕಂಡೆನ್ಸರು ಎಲ್ಲಿದೆಯೆಂದು ಬೆರಳಿಟ್ಟು ನೋಡಿದರು. ಕನ್ನಡಕ ಏರಿಸಿ ಅದರ ಮೈಮೇಲಿನ ಅಂಕಿ ಓದಿದರು. ಮತ್ತೊಮ್ಮೆ ಓದಿದರು. ಅದು ಹಳೆಯ ಅಳತೆಯದೇ ಆಗಿತ್ತು. ತಾವು ಹಾಕಬೇಕೆಂದು ಚೀಲದಲ್ಲಿ ತಂದದ್ದೇ ಅಲ್ಲಿ ಕೂತಿತ್ತು. ತಂತಿ ಎರಡು ಸುತ್ತು ಸುತ್ತಿತ್ತು, ತುದಿ ಎಡಕ್ಕೆ ಮಡಚಿತ್ತು. ತಮ್ಮದೇ ಗಂಟು. ಆದರೆ ಈ ಗಂಟನ್ನು ತಾವು ಹಾಕಿರಲಿಲ್ಲ.

ಆ ಗಂಟು ಹಾಕುವ ಇನ್ನೊಂದು ಕೈ ಈ ಭೂಮಿಯ ಮೇಲೆ ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು.

"ಹಾನಗಲ್ಲಿಗೆ ಯಾವಾಗ ಒಯ್ದಿದ್ದಿ?" ಎಂದರು.

ಭರಮಪ್ಪ ತಲೆ ತಗ್ಗಿಸಿದ. ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಶಾರವ್ವ, "ಹೇಳಿಬಿಡ್ರಿ. ಎಷ್ಟ ದಿನ ಮುಚ್ಚಿಡ್ತೀರಿ," ಎಂದಳು.

"ನೀವು ಬೈದ ಮರುದಿನಾ ಒಯ್ದಿದ್ನಿರಿ," ಎಂದ ಭರಮಪ್ಪ. "ನಾ ಒಬ್ಬಾಂವ ಅಲ್ರಿ. ಎಲ್ಲಾರೂ ಒಯ್ತಾರ. ಮೊದ್ಲ ನಿಮ್ಮ ಹತ್ರ, ಆಮ್ಯಾಲ ಅಲ್ಲಿ."

"ಸೀದಾ ಅಲ್ಲಿಗೇ ಯಾಕ ಒಯ್ಯಂಗಿಲ್ಲ?"

"ಜಾವೇದ ತಗೋಳಂಗಿಲ್ರಿ. ಉಸ್ತಾದರ ಕೈ ಮುಟ್ಟಿ ಬಂದ್ರಷ್ಟ ನಾ ಬಿಚ್ಚತೇನಿ, ಇಲ್ಲಾಂದ್ರ ತಗೊಂಡ ಹೋಗ್ರಿ ಅಂತಾನ. ನಿಮಗ ಹೇಳಬಾರ್ದು ಅಂತ ಎಲ್ಲಾರ ಕಡೆ ಆಣಿ ಮಾಡಿಸ್ಕೊಂಡಾನ. ಬೈದ್ರ ಬೈಸ್ಕೋರಿ, ಹೋಗಿ ತಪ್ಪಾತು ಅಂತ ಹೇಳ್ರಿ ಅಂದವನೂ ಅವನ."

ಮೂರು ವರ್ಷದಿಂದ ತಿರುಗಿ ಬಂದ ಸೆಟ್ಟುಗಳನ್ನು ಬಿಚ್ಚಿದಾಗಲೆಲ್ಲ ಅವರು ತಮ್ಮದೇ ಗಂಟು ನೋಡಿದ್ದರು. ತಾವೇ ಹಾಕಿ ಮರೆತಿರಬೇಕು ಎಂದುಕೊಂಡು ಮತ್ತೆ ಕಿತ್ತಿದ್ದರು, ಮತ್ತೆ ಕೆಡಿಸಿದ್ದರು. ಹಾನಗಲ್ಲಿನಲ್ಲಿ ಅವನು ಮತ್ತೆ ಸರಿ ಮಾಡುತ್ತಿದ್ದ. ಮೈಕ್ ಸೆಟ್ಟು ತಂದ ಒಬ್ಬನೂ ಕೆಲಸಕ್ಕೆ ಬಂದಿರಲಿಲ್ಲ. ನಮಸ್ಕಾರಕ್ಕೆ ಬಂದಿದ್ದರು. ಮಾಬೂಬಿಯ ಮುಂದೆ ನಿಂತು ನಗುತ್ತಿದ್ದ ಮೊಮ್ಮಕ್ಕಳ ಹಾಗೆ ಇವರು ನಗಲಿಲ್ಲ, ಅಷ್ಟೇ ವ್ಯತ್ಯಾಸ. ನಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು ಮಲ್ಲಿಕಸಾಬರಿಗೆ. ಸರಿ ಮಾಡಲು ತಂದ ಕಂಡೆನ್ಸರು ಅಂಗೈಯಲ್ಲೇ ಉಳಿದಿತ್ತು. ಸರಿ ಮಾಡುವುದಕ್ಕೂ ಅವರಿಗೆ ಏನೂ ಉಳಿದಿರಲಿಲ್ಲ.

"ಒಮ್ಮೆ ಹಾಡು," ಎಂದರು.

ಎದ್ದು ಹತ್ತು ಹೆಜ್ಜೆ ಹೋಗಿ, ರೂಢಿಯಂತೆ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂತರು. ಭರಮಪ್ಪ ಮೈಕು ಹಿಡಿದು, ಗಂಟಲು ಸರಿ ಮಾಡಿಕೊಂಡು, ಶಿವಾ ಎಂದು ಎಳೆದು ಹೇಳಿದ. ಮಲ್ಲಿಕಸಾಬರಿಗೆ "ಇವಾ" ಎಂದು ಕೇಳಿತು. ಮತ್ತೆ ಹೇಳಿದ. ಇವಾ, ಇವಾ. ಭರಮಪ್ಪ ಹಾಡು ನಿಲ್ಲಿಸಿ ಕಾದ. ಗೋಡೆಯ ಕಡೆಯಿಂದ "ಬಂತು" ಎಂಬ ಮಾತು ಬರಬೇಕಿತ್ತು. ಎಷ್ಟು ಹೊತ್ತಾದರೂ ಬರಲಿಲ್ಲ.

ಹೊರಡುವಾಗ ಭರಮಪ್ಪ ಬಸ್ಸಿನವರೆಗೂ ಬಂದ. "ಶ್ರಾವಣಕ್ಕ ಮತ್ತ ತರ್ತೇನ್ರಿ ಸಾಬ್ರ. ಸರ್ವಿಸ್ ಮಾಡಿಕೊಡ್ರಿ," ಎಂದ.

"ಬ್ಯಾಡೋ ಭರಮಪ್ಪಾ. ಸೀದಾ ಹಾನಗಲ್ಲಿಗೆ ಒಯ್. ನಾ ಅವಗ ಹೇಳ್ತೇನಿ."

ಬಸ್ಸಿನಲ್ಲಿ ಕೂತ ಮೇಲೆ ಜಾವೇದನಿಗೆ ಫೋನು ಹಚ್ಚಿದರು. ಅವನು ಎತ್ತಿದ.

"ಜಾವೇದ, ನಾ ದುಂಡಸಿಗೆ ಹೋಗಿದ್ನಿ. ಭರಮಪ್ಪನ ಸೆಟ್ಟು ಬಿಚ್ಚಿ ನೋಡಿದ್ನಿ. ನಿನ್ನ ಗಂಟು ಚೊಲೊ ಐತಿ. ಇನ್ನ ಮ್ಯಾಲ ಯಾರನ್ನೂ ನನ್ನ ಹತ್ರ ಕಳಿಸಬ್ಯಾಡ. ಅಂಗಡಿ ಮುಚ್ಚಾಕತ್ತೇನಿ."

ಆ ಕಡೆಯಿಂದ ಜಾವೇದ ಏನೋ ಹೇಳಿದ. ಬಹಳ ಸಣ್ಣ ದನಿಯಲ್ಲಿ, ತಡೆತಡೆದು ಹೇಳಿದ. ಕ್ಷಮೆ ಕೇಳಿದನೋ, ಬೇಡಿಕೊಂಡನೋ, ಅತ್ತನೋ. ಮಲ್ಲಿಕಸಾಬರು ಫೋನನ್ನು ಬಲಗಿವಿಯಿಂದ ಎಡಗಿವಿಗೆ, ಎಡಗಿವಿಯಿಂದ ಬಲಗಿವಿಗೆ ಬದಲಿಸಿದರು. "ಏನಂದಿ?" ಎಂದರು. ಅವನು ಮತ್ತೆ ಹೇಳಿದ. "ಏನಂದಿ?" ಅವನು ಮೂರನೆಯ ಸಲ ಹೇಳಿದ. ಪಕ್ಕದ ಸೀಟಿನವನು ಇವರ ಮುಖ ನೋಡುತ್ತಿದ್ದ. ಮತ್ತೊಮ್ಮೆ ಕೇಳಲು ಅವರಿಗೆ ನಾಚಿಕೆಯಾಯಿತು.

"ಆತು, ಆತು," ಎಂದರು ಮಲ್ಲಿಕಸಾಬರು, ಒಂದಿಷ್ಟು ನಕ್ಕು.